ಹೊಳೆಗೆ ಬಿಡುವ ನೀರು ಕದಡಿದರೆ ಎಲ್ಲಿ ಹುಡುಕಬೇಕು? ಸಣ್ಣ ಊರಿನ ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ದೋಷ ನಿವಾರಣೆ ಕೈಪಿಡಿ

ಬೆಳಿಗ್ಗೆ ಔಟ್‌ಲೆಟ್‌ನಲ್ಲಿ ಒಂದು ಬಾಟಲಿ ನೀರು ಹಿಡಿದು ಬೆಳಕಿಗೆ ಎತ್ತಿ ನೋಡುತ್ತೀರಿ. ನಿನ್ನೆ ತಿಳಿಯಾಗಿತ್ತು. ಇವತ್ತು ಕದಡಿದೆ, ತಳದಲ್ಲಿ ಕಂದು ಚೂರುಗಳು ಕೂತಿವೆ. ಕೈ ತಾನಾಗಿ ಗಾಳಿ ಊದುವ ಬ್ಲೋವರ್ ಸ್ವಿಚ್ಚಿಗೋ ಕ್ಲೋರಿನ್ ವಾಲ್ವಿಗೋ ಹೋಗುತ್ತದೆ. ಸ್ವಲ್ಪ ತಡೆಯಿರಿ. ಏನನ್ನಾದರೂ ತಿರುಗಿಸುವ ಮೊದಲು ಅರ್ಧ ಗಂಟೆ ಸುಮ್ನೆ ನೋಡುವ ಕೆಲಸ ಇದೆ. ಆ ಅರ್ಧ ಗಂಟೆ ಉಳಿಸಲು ಹೋದವರು ಮೂರು ವಾರ ಕಳೆದುಕೊಂಡದ್ದನ್ನು ನೋಡಿದ್ದೇನೆ. ನಾನೂ ಕಳೆದುಕೊಂಡಿದ್ದೇನೆ.

ಪುರಸಭೆ, ಪಟ್ಟಣ ಪಂಚಾಯಿತಿಗಳ ಎಸ್‌ಟಿಪಿಗಳಲ್ಲಿ ಶಿಫ್ಟ್ ಮಾಡುವ ಆಪರೇಟರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಿನಕ್ಕೆ 20-30 ಲಕ್ಷ ಲೀಟರ್ ಕೊಳಚೆ ಬರುವ, ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುವ ಒಂದು ಏರೇಶನ್ ಟ್ಯಾಂಕ್, ಆ ಬ್ಯಾಕ್ಟೀರಿಯಾದ ಕೆಸರು ಅಂದರೆ ಸ್ಲಡ್ಜ್ ತಳಕ್ಕೆ ಕೂರುವ ಒಂದು ಕ್ಲಾರಿಫೈಯರ್, ಹೆಚ್ಚಾದ ಸ್ಲಡ್ಜ್ ಒಣಗಿಸುವ ಕೆಲವು ಡ್ರೈಯಿಂಗ್ ಬೆಡ್, ಕೊನೆಗೊಂದು ಕ್ಲೋರಿನ್ ಟ್ಯಾಂಕ್ ಇರುವ ಪ್ಲಾಂಟ್ ನನ್ನ ಮನಸ್ಸಿನಲ್ಲಿದೆ. ಅಂಥದ್ದೇ ಒಂದರಲ್ಲಿ ನಾನು ಕೆಲಸ ಮಾಡಿದ್ದು. ನಮ್ಮ ಔಟ್‌ಲೆಟ್ ಒಂದು ಹಳ್ಳಕ್ಕೆ ಬೀಳುತ್ತದೆ, ಹಳ್ಳ ಮುಂದೆ ಹೊಳೆ ಸೇರುತ್ತದೆ.

ಆ ಹೊಳೆಯ ಪಾಲಿಗೆ ಈ ಪ್ಲಾಂಟ್ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಊರಲ್ಲಿ 25,000 ಜನ. ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಟ್ಟರೆ ಅದರಲ್ಲಿ ಸುಮಾರು ಶೇಕಡಾ 80 ಕೊಳಚೆಯಾಗಿ ವಾಪಸ್ ಬರುತ್ತದೆ, ಅಂದರೆ 27 ಲಕ್ಷ ಲೀಟರ್. ಅದರ ಬಿಒಡಿ (ಕೊಳೆ ಕರಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 250 ಮಿಲಿಗ್ರಾಂ ಇದ್ದರೆ ದಿನಕ್ಕೆ 675 ಕಿಲೋ ಬಿಒಡಿ ಆಯಿತು. ಇದನ್ನು ಹಾಗೇ ಬಿಟ್ಟರೆ, ಕೊಳೆ ಕರಗಿಸಲು ಬೇಕಾದ ಆಮ್ಲಜನಕವನ್ನೆಲ್ಲ ಹೊಳೆಯೇ ಕೊಡಬೇಕು. ಬೇಸಿಗೆಯ ಬಿಸಿ ನೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚೆಂದರೆ ಲೀಟರಿಗೆ 7.5 ಮಿಲಿಗ್ರಾಂ. ಅದು 4ಕ್ಕಿಂತ ಕೆಳಗೆ ಇಳಿದರೆ ಮೀನುಗಳಿಗೆ ಕಷ್ಟ. ಪ್ಲಾಂಟ್ ಸರಿಯಾಗಿ ನಡೆದು ಬಿಒಡಿ 10ಕ್ಕೆ ಇಳಿದರೆ ಹೊಳೆಗೆ ಹೋಗುವುದು ಬರೀ 27 ಕಿಲೋ. ಬಿಒಡಿ 10, ತೇಲುವ ಕಣ 20 ಮೀರಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದೆ. ಬೇಸಿಗೆಯಲ್ಲಿ ಎಷ್ಟೋ ಹಳ್ಳಗಳಲ್ಲಿ ನಾವು ಬಿಡುವ ನೀರು ಬಿಟ್ಟರೆ ಬೇರೆ ನೀರೇ ಇರುವುದಿಲ್ಲ. ಅಂಥ ಕಡೆ ಔಟ್‌ಲೆಟ್ ಹೇಗಿದೆಯೋ ಹಳ್ಳವೂ ಹಾಗೇ ಇರುತ್ತದೆ.

ಮೊದಲು ನಿಮ್ಮ ಜೀವ

ದೋಷ ಹುಡುಕುವ ಅವಸರದಲ್ಲಿ ಯಾರೂ ವೆಟ್‌ವೆಲ್‌ಗೆ (ಕೊಳಚೆ ಬಂದು ನಿಲ್ಲುವ ಪಂಪಿನ ಬಾವಿ), ಮ್ಯಾನ್‌ಹೋಲ್‌ಗೆ ಇಳಿಯಬೇಡಿ. "ಒಂದೇ ನಿಮಿಷ, ಪಂಪಿನ ಬಾಯಲ್ಲಿ ಬಟ್ಟೆ ಸಿಕ್ಕಿದೆ" ಅಂತ ಇಳಿದವರು ಹೊರಗೆ ಬಂದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗಾಳಿಯಲ್ಲಿ ಜಾಸ್ತಿಯಾದಾಗ ಮೂಗು ಅದನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು ಅಂದರೆ ಅಪಾಯ ಹೋಯಿತು ಅಂತ ಅಲ್ಲ. ರಕ್ಷಣೆಯ ಸಾಧನ ಇಲ್ಲದೆ ಒಳಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಪಂಪನ್ನು ಚೈನ್ ಹಾಕಿ ಮೇಲೆತ್ತಿಸಿ. ಅಷ್ಟು ಹೊತ್ತು ಪ್ಲಾಂಟ್ ನಿಂತರೆ ನಿಲ್ಲಲಿ.

ಒಂದು ಲೀಟರ್ ಜಾರ್

ನನ್ನ ಅನುಭವದಲ್ಲಿ ಇಡೀ ಪ್ಲಾಂಟಿನ ಅತ್ಯಂತ ಒಳ್ಳೆಯ ಉಪಕರಣ ಇದೇ. ನೆಟ್ಟಗಿನ, ಗುರುತು ಹಾಕಿದ 1,000 ಮಿಲಿ ಜಾರ್. ಮೀಟರ್ ಕೆಟ್ಟಿರಬಹುದು, ಲ್ಯಾಬ್ ರಿಪೋರ್ಟ್ ಬರಲು ಐದು ದಿನ ಆಗಬಹುದು. ಜಾರ್ ಅರ್ಧ ಗಂಟೆಯಲ್ಲಿ ಹೇಳುತ್ತದೆ.

ಏರೇಶನ್ ಟ್ಯಾಂಕಿನಿಂದ ಕ್ಲಾರಿಫೈಯರ್‌ಗೆ ನೀರು ಹೊರಡುವ ಜಾಗದಲ್ಲಿ ಸ್ಯಾಂಪಲ್ ತೆಗೆಯಿರಿ. ಮೇಲಿನ ನೊರೆ ಬೇಡ, ಒಂದಡಿ ಕೆಳಗಿನಿಂದ ತೆಗೆಯಿರಿ. ಜಾರ್‌ಗೆ ತುಂಬಿ, ಒಮ್ಮೆ ಮೆಲ್ಲಗೆ ಕಲಕಿ, ನೆರಳಿನಲ್ಲಿ ಅಲುಗಾಡದ ಕಟ್ಟೆಯ ಮೇಲೆ ಇಡಿ. 5ನೇ ನಿಮಿಷಕ್ಕೆ ಒಮ್ಮೆ, 30ನೇ ನಿಮಿಷಕ್ಕೆ ಒಮ್ಮೆ ಸ್ಲಡ್ಜ್ ಎಲ್ಲಿಗೆ ಇಳಿದಿದೆ ಬರೆದುಕೊಳ್ಳಿ. ಆಮೇಲೆ ಜಾರ್ ಚೆಲ್ಲಬೇಡಿ. ಇನ್ನೂ ಎರಡು ಗಂಟೆ ಹಾಗೇ ಇರಲಿ, ಅದಕ್ಕೂ ಕಾರಣ ಇದೆ.

ಎಲ್ಲ ಸರಿ ಇದ್ದಾಗ ಬಣ್ಣ ಹದವಾದ ಕಂದು, ವಾಸನೆ ಮಳೆ ಬಿದ್ದ ಮಣ್ಣಿನದು. 30 ನಿಮಿಷಕ್ಕೆ ಸ್ಲಡ್ಜ್ 250ರಿಂದ 400ರ ನಡುವೆ ನಿಂತಿರುತ್ತದೆ, ಮೇಲಿನ ನೀರು ತಿಳಿ. ಇದರಿಂದ ಯಾವ ಕಡೆ ತಪ್ಪಿದೆ ಅನ್ನುವುದರ ಮೇಲೆ ಮುಂದಿನ ದಾರಿ.

ಜಾರ್ ಚೆನ್ನಾಗಿದೆ, ಔಟ್‌ಲೆಟ್ ಮಾತ್ರ ಕೆಟ್ಟಿದೆ

ಹಾಗಾದರೆ ಬ್ಯಾಕ್ಟೀರಿಯಾಗಳ ಕೆಲಸದಲ್ಲಿ ತಪ್ಪಿಲ್ಲ. ಕ್ಲಾರಿಫೈಯರ್ ಕಡೆ ನಡೆಯಿರಿ. ತಳದ ಸ್ಲಡ್ಜ್ ಬಾಚುವ ಸ್ಕ್ರೇಪರ್ ತಿರುಗುತ್ತಿದೆಯಾ? ಮೇಲೆ ತೋಳು ತಿರುಗುತ್ತಿದ್ದರೂ ತಳದ ರಬ್ಬರ್ ಸವೆದು ಹೋಗಿರಬಹುದು. ಕೂತ ಸ್ಲಡ್ಜನ್ನು ಏರೇಶನ್ ಟ್ಯಾಂಕಿಗೆ ವಾಪಸ್ ಕಳಿಸುವ ರಿಟರ್ನ್ ಪಂಪ್ ಆನ್ ಇದ್ದರೆ ಸಾಲದು, ಪೈಪಿನ ಬಾಯಲ್ಲಿ ಸ್ಲಡ್ಜ್ ಬೀಳುವುದನ್ನು ಕಣ್ಣಾರೆ ನೋಡಿ. ನೀರು ಸುತ್ತಲೂ ಸಮನಾಗಿ ಉಕ್ಕುತ್ತಿದೆಯಾ, ಅಥವಾ ಒಂದೇ ಬದಿಯಿಂದ ನುಗ್ಗುತ್ತಿದೆಯಾ ನೋಡಿ. ಒಂದೇ ಬದಿ ಅಂದರೆ ಅಂಚಿನ ವಿ ಆಕಾರದ ತಟ್ಟೆ ಮಟ್ಟ ತಪ್ಪಿದೆ.

ಮಳೆಗಾಲದಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಮನೆಗಳ ಮಾಳಿಗೆಯ ಮಳೆ ಪೈಪನ್ನು ಯುಜಿಡಿ (ಒಳಚರಂಡಿ) ಚೇಂಬರ್‌ಗೆ ಸೇರಿಸಿರುತ್ತಾರೆ. ಜೋರು ಮಳೆ ಬಂದ ಒಂದೆರಡು ಗಂಟೆಯಲ್ಲಿ ಪ್ಲಾಂಟಿಗೆ ದುಪ್ಪಟ್ಟು ನೀರು ಬರುತ್ತದೆ. ಕ್ಲಾರಿಫೈಯರ್‌ನಲ್ಲಿ ಕೂರಬೇಕಾದ ಸ್ಲಡ್ಜ್ ಕೂರಲು ಪುರುಸೊತ್ತೇ ಸಿಗದೆ ಹೊರಗೆ ಕೊಚ್ಚಿ ಹೋಗುತ್ತದೆ. ಮಳೆ ಜೋರಾದಾಗ ಒಂದೆರಡು ಗಂಟೆ ಗಾಳಿ ನಿಲ್ಲಿಸಿದರೆ ಸ್ಲಡ್ಜ್ ಏರೇಶನ್ ಟ್ಯಾಂಕಿನಲ್ಲೇ ಕೆಳಗೆ ಇಳಿದು ಉಳಿಯುತ್ತದೆ. ಆದರೆ ಮಳೆ ಇಳಿದ ಕೂಡಲೇ ಬ್ಲೋವರ್ ಹಾಕುವುದನ್ನು ಮರೆಯಬಾರದು. ನಿಜವಾದ ಪರಿಹಾರ ಆ ಮನೆಗಳ ಪೈಪ್ ಬಿಡಿಸುವುದು, ಅದು ಪುರಸಭೆಯ ಎಂಜಿನಿಯರ್ ಕೆಲಸ. ಮಳೆ ದಿನದ ಫ್ಲೋ ಮೀಟರ್ ಅಂಕಿ ಬರೆದಿಟ್ಟು ಅವರ ಮುಂದೆ ಇಡುವುದು ನಮ್ಮ ಕೆಲಸ.

ಜಾರ್‌ನಲ್ಲಿ ಸ್ಲಡ್ಜ್ ಇಳಿಯುವುದೇ ಇಲ್ಲ

30 ನಿಮಿಷ ಆದರೂ 800, 900ರಲ್ಲೇ ನಿಂತಿದೆ. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ, ಯಾಕೆಂದರೆ ಇದಕ್ಕೆ ಎರಡು ಕಾರಣ ಇರಬಹುದು, ಎರಡಕ್ಕೂ ಔಷಧಿ ಬೇರೆ.

ಬಿಡಿಸಿ ನೋಡುವುದು ಸುಲಭ. ಇನ್ನೊಂದು ಜಾರ್ ತೆಗೆದುಕೊಳ್ಳಿ. ಅರ್ಧ ಏರೇಶನ್ ಟ್ಯಾಂಕಿನ ನೀರು, ಅರ್ಧ ಕ್ಲಾರಿಫೈಯರ್ ಮೇಲಿನ ತಿಳಿ ನೀರು ಹಾಕಿ. ಮತ್ತೆ 30 ನಿಮಿಷ. ಈಗ ಸ್ಲಡ್ಜ್ ಸಲೀಸಾಗಿ ಇಳಿದು 350ರ ಆಸುಪಾಸು ನಿಂತರೆ, ಸ್ಲಡ್ಜ್‌ನಲ್ಲಿ ದೋಷ ಇಲ್ಲ. ಅದು ಜಾಸ್ತಿಯಾಗಿದೆ, ಅಷ್ಟೇ. ತುಂಬಿದ ಬಸ್ಸಿನಲ್ಲಿ ಯಾರಿಗೂ ಕೂರಲು ಜಾಗ ಇಲ್ಲದ ಹಾಗೆ. ಅರ್ಧ ಮಾಡಿದರೂ ಇಳಿಯದಿದ್ದರೆ ಎಳೆ ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಹತ್ತಿಯ ಎಳೆಯ ಹಾಗೆ ಹರಡಿ ಸ್ಲಡ್ಜ್ ಕೂರಲು ಬಿಡುವುದಿಲ್ಲ. ಹತ್ತಿರದ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ಇಟ್ಟರೆ ಅದು ಕಾಣುತ್ತದೆ. ಇದಕ್ಕೆ ಸಾಮಾನ್ಯ ಕಾರಣ ಗಾಳಿ ಕಡಿಮೆ ಇರುವುದು, ಅಥವಾ ಬರುವ ಕೊಳಚೆ ಪೈಪಿನಲ್ಲೇ ಕೊಳೆತು ಕಪ್ಪಾಗಿ ಬರುವುದು. ಗಾಳಿ ಸರಿಪಡಿಸಿ, ವೆಟ್‌ವೆಲ್‌ನಲ್ಲಿ ನೀರು ಗಂಟೆಗಟ್ಟಲೆ ನಿಲ್ಲದಂತೆ ಪಂಪ್ ಓಡಿಸಿ.

ನಾನು ಒತ್ತಿ ಹೇಳಬೇಕಾದದ್ದು ಮೊದಲ ಕಾರಣದ ಬಗ್ಗೆ.

ಒಂದು ಆಷಾಢದಲ್ಲಿ ನಮ್ಮ ಔಟ್‌ಲೆಟ್ ದಿನಾ ಬೆಳಿಗ್ಗೆ 9ರಿಂದ 11ರವರೆಗೆ ಕೆಡುತ್ತಿತ್ತು, ಮಧ್ಯಾಹ್ನ ಸರಿಹೋಗುತ್ತಿತ್ತು. ಹಳ್ಳದ ಕೆಳಗೆ ಎಮ್ಮೆ ಮೈತೊಳೆಯಲು ಬರುವ ಅಜ್ಜ ಒಬ್ಬರು ಗೇಟಿನ ಹತ್ತಿರ ಬಂದು, "ಏನಪ್ಪಾ, ಬೆಳಿಗ್ಗೆ ಹೊತ್ತು ನಿಮ್ಮ ನೀರು ಕೆಂಪಗೆ ಬರ್ತಾ ಐತೆ, ಎಮ್ಮೆ ಇಳಿಯಾಕೆ ಒಲ್ಲೆ ಅಂತದೆ" ಅಂದರು. ನಾವು ಗಾಳಿ ಸಾಲದು ಅಂದುಕೊಂಡು ಎರಡೂ ಬ್ಲೋವರ್ ಹಾಕಿದೆವು. ರಿಟರ್ನ್ ಪಂಪ್ ಪೂರ್ತಿ ಏರಿಸಿದೆವು. ಇನ್ನೂ ಹದಗೆಟ್ಟಿತು. ಏರಿಸಿದ ರಿಟರ್ನ್ ನೀರೂ ಮತ್ತೆ ಕ್ಲಾರಿಫೈಯರ್‌ಗೇ ಬಂದು ಅದರ ಹೊರೆ ಹೆಚ್ಚಿಸುತ್ತಿತ್ತು. ಜಾರ್ 880 ತೋರಿಸುತ್ತಿತ್ತು. ಅರ್ಧ ಮಾಡಿ ನೋಡಿದಾಗ 340. ಆಮೇಲೆ ಲಾಗ್ ಬುಕ್ ತೆರೆದೆವು. ಐದು ವಾರದಿಂದ ವೇಸ್ಟ್ ಸ್ಲಡ್ಜ್, ಅಂದರೆ ಹೊರಗೆ ತೆಗೆದ ಸ್ಲಡ್ಜ್, ಬರೆಯುವ ಅಂಕಣ ಖಾಲಿ. ಯಾಕೆಂದರೆ ಡ್ರೈಯಿಂಗ್ ಬೆಡ್ ಎಲ್ಲ ತುಂಬಿದ್ದವು, ಮಳೆಗೆ ಒಂದೂ ಒಣಗಿರಲಿಲ್ಲ. ಸ್ಲಡ್ಜ್ ಬಿಡಲು ಜಾಗ ಇಲ್ಲ ಅಂತ ಯಾರೋ ವಾಲ್ವ್ ಮುಚ್ಚಿದ್ದರು. ತಪ್ಪು ಅವರೊಬ್ಬರದ್ದಲ್ಲ, ನಾವೆಲ್ಲರೂ ದಿನಾ ಆ ಅಂಕಣದ ಕೆಳಗೇ ಸಹಿ ಹಾಕಿದ್ದೆವು.

ಲೆಕ್ಕ ನೋಡಿ. 25,000 ಜನರ ಪ್ಲಾಂಟಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ದಿನಕ್ಕೆ ಸುಮಾರು 350 ಕಿಲೋ ಒಣ ತೂಕದ ಹೊಸ ಸ್ಲಡ್ಜ್ ಹುಟ್ಟುತ್ತದೆ. ನೀರು ಸೇರಿದಾಗ ಅದು 35ರಿಂದ 45 ಸಾವಿರ ಲೀಟರ್. ದಿನಾ ಅಷ್ಟನ್ನೂ ಹೊರಗೆ ತೆಗೆಯಬೇಕು. ತೆಗೆಯದಿದ್ದರೆ? ಟ್ಯಾಂಕ್ ಸ್ವಲ್ಪ ದಿನ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಅದು ಔಟ್‌ಲೆಟ್‌ನಿಂದಲೇ ಹೋಗುತ್ತದೆ. 350 ಕಿಲೋವನ್ನು 27 ಲಕ್ಷ ಲೀಟರಿಗೆ ಹಂಚಿದರೆ ಲೀಟರಿಗೆ 130 ಮಿಲಿಗ್ರಾಂ. ಮಿತಿ 20. ನಾವು ವಾಲ್ವ್ ಮುಚ್ಚಿದ ದಿನವೇ ಆ ಸ್ಲಡ್ಜ್ ಹೊಳೆಗೆ ಹೋಗುವುದು ತೀರ್ಮಾನವಾಗಿತ್ತು, ತಲುಪಲು ಐದು ವಾರ ಹಿಡಿಯಿತು.

ಈ ವಿಧಾನ ಹುಟ್ಟಿದ್ದೇ ಸ್ಲಡ್ಜ್ ಉಳಿಸಿಕೊಳ್ಳುವುದರಿಂದ. 1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಕೊಳಚೆಗೆ ಗಾಳಿ ಊದಿ, ತಳದಲ್ಲಿ ಕೂತದ್ದನ್ನು ಎಸೆಯದೆ ಮುಂದಿನ ಸಲಕ್ಕೆ ಇಟ್ಟುಕೊಂಡರು. ವಾರಗಳು ಹಿಡಿಯುತ್ತಿದ್ದ ಕೆಲಸ ಗಂಟೆಗಳಲ್ಲಿ ಆಯಿತು. ಅವರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು ಅನ್ನುವುದನ್ನು ಓದಿದಾಗ ನನಗೆ ಬಹಳ ಖುಷಿಯಾಗಿತ್ತು. ನಮ್ಮ ಕೆಲಸಕ್ಕೆ ನಮ್ಮ ನೆಲದಲ್ಲೇ ನೂರು ವರ್ಷದ ನಂಟು ಇದೆ. ಆದರೆ ಉಳಿಸಿಕೊಳ್ಳುವುದಕ್ಕೂ ಒಂದು ಅಳತೆ ಇದೆ. ಮೊಸರಿಗೆ ಹೆಪ್ಪು ಬೇಕು, ಪಾತ್ರೆ ತುಂಬ ಹೆಪ್ಪೇ ಹಾಕುವುದಿಲ್ಲ ಅಲ್ವಾ?

ಪರಿಹಾರಕ್ಕೆ ಬರೋಣ. ಒಂದೇ ದಿನ ಎಲ್ಲ ಖಾಲಿ ಮಾಡಬೇಡಿ, ಬ್ಯಾಕ್ಟೀರಿಯಾ ಪೂರ್ತಿ ಕಡಿಮೆಯಾದರೆ ಬೇರೆ ತೊಂದರೆ ಶುರುವಾಗುತ್ತದೆ. ದಿನದ ಪಾಲಿಗಿಂತ ಸ್ವಲ್ಪ ಜಾಸ್ತಿ, ಬೆಳಿಗ್ಗೆ ಸಂಜೆ ಎರಡು ಸಲ ತೆಗೆಯುತ್ತಾ ಬನ್ನಿ. ಬೆಡ್ ತುಂಬಿದ್ದರೆ ಮೊದಲು ಒಂದೆರಡು ಬೆಡ್‌ಗಾದರೂ ಕಬ್ಬಿಣದ ಕಂಬ ನೆಟ್ಟು ಪಾರದರ್ಶಕ ಶೀಟ್ ಹೊದಿಸಿ. ಬಿಸಿಲು ಬೀಳಬೇಕು, ಮಳೆ ಬೀಳಬಾರದು, ಪಕ್ಕದಿಂದ ಗಾಳಿ ಆಡಬೇಕು. ಬೆಡ್‌ನಲ್ಲಿ 20ರಿಂದ 30 ಸೆಂಟಿಮೀಟರ್‌ಗಿಂತ ದಪ್ಪಗೆ ಬಿಡಬೇಡಿ, ದಪ್ಪ ಬಿಟ್ಟರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿಯೇ ಉಳಿಯುತ್ತದೆ. ಒಣ ಸ್ಲಡ್ಜ್ ಎತ್ತುವಾಗ ಮರಳೂ ಹೋಗುತ್ತದೆ, ಅದನ್ನು ಮತ್ತೆ ತುಂಬಿಸಿ. ಮರಳಿಲ್ಲದ ಬೆಡ್‌ನಲ್ಲಿ ನೀರು ಕೆಳಗೆ ಇಳಿಯುವುದಿಲ್ಲ. ನಮಗೆ ಸರಿಹೋಗಲು 19 ದಿನ ಬೇಕಾಯಿತು. ಮುಂದಿನ ವರ್ಷದಿಂದ ಮೇ ತಿಂಗಳಲ್ಲೇ ಬೆಡ್ ಎಲ್ಲ ಖಾಲಿ ಮಾಡಿ ಮಳೆಗಾಲಕ್ಕೆ ಕಾಯುತ್ತೇವೆ.

ಇಳಿದ ಸ್ಲಡ್ಜ್ ಮತ್ತೆ ಮೇಲೆ ಬರುತ್ತದೆ

ಜಾರ್ ಚೆಲ್ಲಬೇಡಿ ಅಂದದ್ದು ಇದಕ್ಕೇ. 30 ನಿಮಿಷಕ್ಕೆ ಚೆನ್ನಾಗಿ ಕೂತ ಸ್ಲಡ್ಜ್ ಒಂದೆರಡು ಗಂಟೆಯಲ್ಲಿ ಗಟ್ಟಿ ಗಟ್ಟಿಯಾಗಿ ಮೇಲೆ ತೇಲಿದರೆ, ಒಳಗೆ ನೈಟ್ರೋಜನ್ ಗುಳ್ಳೆ ಹುಟ್ಟುತ್ತಿದೆ. ಒಂದು ಕಡ್ಡಿಯಿಂದ ಮುಟ್ಟಿ, ಗುಳ್ಳೆ ಬಿಟ್ಟು ಮತ್ತೆ ಇಳಿಯುತ್ತದೆ. ಕ್ಲಾರಿಫೈಯರ್ ತಳದಲ್ಲಿ ಸ್ಲಡ್ಜ್ ಬಹಳ ಹೊತ್ತು ನಿಂತಿದೆ ಅಂತ ಅರ್ಥ. ರಿಟರ್ನ್ ಸ್ವಲ್ಪ ಏರಿಸಿ. ಮೇಲೆ ಬಂದದ್ದು ಕಪ್ಪಾಗಿ ನಾರುತ್ತಿದ್ದರೆ ತಳದ ಮೂಲೆಯಲ್ಲಿ ಎಲ್ಲೋ ಕೊಳೆಯುತ್ತಿದೆ, ಸ್ಕ್ರೇಪರ್ ನೋಡಿಸಿ.

ಸ್ಲಡ್ಜ್ ಬೇಗ ಇಳಿಯುತ್ತದೆ, ಮೇಲಿನ ನೀರು ಮಾತ್ರ ಮಸುಕು

ಇದು ಹೊರಗಿನಿಂದ ಬಂದ ಪೆಟ್ಟಿರಬಹುದು. ಬ್ಯಾಕ್ಟೀರಿಯಾ ಸತ್ತು ಬಿಡಿ ಬಿಡಿಯಾಗಿ ನೀರಿನಲ್ಲಿ ತೇಲುತ್ತಿರುತ್ತವೆ. ಮೊದಲು ಗೇಟಿನ ಹೊರಗೆ ಹೋಗಿ ಯೋಚಿಸಿ. ಊರಲ್ಲಿ ಏನು ನಡೆಯುತ್ತಿದೆ? ಬಣ್ಣ ಹಾಕುವ ಘಟಕ, ಕಸಾಯಿಖಾನೆ, ಬ್ಯಾಟರಿ ಅಂಗಡಿ ಇದೆಯಾ? ರಾಮನಗರ, ಶಿಡ್ಲಘಟ್ಟದಂಥ ರೇಷ್ಮೆ ಊರುಗಳಲ್ಲಿ ರೀಲಿಂಗ್ ಮಾಡುವವರು ಗೂಡು ಬೇಯಿಸಿದ ನೀರು ಬರುತ್ತದೆ. ಅದರಲ್ಲಿ ರೇಷ್ಮೆಯ ಅಂಟು, ಅಂದರೆ ಪ್ರೋಟೀನ್, ತುಂಬಿರುತ್ತದೆ. ಅದು ವಿಷ ಅಲ್ಲ, ಆದರೆ ಒಮ್ಮೆಗೇ ಬಂದರೆ ಬ್ಯಾಕ್ಟೀರಿಯಾಗಳಿಗೆ ಅತಿಯಾದ ಊಟ. ನೊರೆ ಎದ್ದು, ಗಾಳಿ ಸಾಲದೆ, ಅಮೋನಿಯಾ ಏರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಸಿಗುವ ಕಾರಣ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಸಕ್ಕಿಂಗ್ ಗಾಡಿ. ರಾತ್ರಿ ಯಾವುದೋ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಇಡೀ ಲೋಡ್ ಬಿಟ್ಟು ಹೋಗುತ್ತಾರೆ. ಅದರ ಬಿಒಡಿ ಮನೆ ಕೊಳಚೆಗಿಂತ ಎಷ್ಟೋ ಪಟ್ಟು ಜಾಸ್ತಿ. ಅವರ ಜೊತೆ ಜಗಳ ಮಾಡಿದರೆ ಅದೇ ಲೋಡ್ ನೇರವಾಗಿ ಹಳ್ಳಕ್ಕೆ ಹೋಗುತ್ತದೆ, ಅದು ಇನ್ನೂ ಕೆಟ್ಟದ್ದು. ದೇವನಹಳ್ಳಿಯಲ್ಲಿ 2015ರಿಂದ ಇದಕ್ಕೆಂದೇ ಬೇರೆ ಘಟಕ ಇದೆ. ಅಂಥದ್ದು ಇಲ್ಲದ ಊರಲ್ಲಿ, ಹಗಲು ಹೊತ್ತಿನಲ್ಲಿ ಪ್ಲಾಂಟಿಗೇ ತರಲು ಹೇಳಿ, ಒಂದು ತೊಟ್ಟಿಯಲ್ಲಿ ಇಟ್ಟುಕೊಂಡು ಕೊಳಚೆ ಕಡಿಮೆ ಬರುವ ರಾತ್ರಿ ಹೊತ್ತು ಸ್ವಲ್ಪ ಸ್ವಲ್ಪ ಬಿಡಬಹುದು. ಗಾಡಿಯ ಚಾಲಕರು ನಮ್ಮ ಊರಿನ ಹುಡುಗರೇ. ಜಾಗ ತೋರಿಸಿದರೆ ಬರುತ್ತಾರೆ, ನಮ್ಮಲ್ಲಿ ಬಂದರು.

ಗಾಳಿ

ಟ್ಯಾಂಕಿನ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರಬೇಕು. ಮೀಟರ್ ಇಲ್ಲದಿದ್ದರೆ ಬ್ಲೋವರ್‌ನ ಪ್ರೆಷರ್ ಗೇಜ್ ನೋಡಿ. ನೀರಿನ ಆಳ 4.5 ಮೀಟರ್ ಇದ್ದರೆ ಗೇಜ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 0.5 ಕಿಲೋ ಹತ್ತಿರ ಇರುತ್ತದೆ. ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಏರುತ್ತಿದ್ದರೆ ಟ್ಯಾಂಕಿನ ತಳದಲ್ಲಿ ಗಾಳಿ ಬಿಡುವ ಡಿಫ್ಯೂಸರ್‌ಗಳ ರಂಧ್ರ ಕಟ್ಟುತ್ತಿವೆ. ಇದ್ದಕ್ಕಿದ್ದಂತೆ ಇಳಿದರೆ ಪೈಪ್ ಒಡೆದಿದೆ, ಬೆಲ್ಟ್ ಜಾರುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಧೂಳು ತುಂಬಿದೆ. ಫಿಲ್ಟರ್ ಮೊದಲು ನೋಡಿ, ಐದು ನಿಮಿಷದ ಕೆಲಸ. ನೀರಿನ ಮೇಲೆ ಒಂದೇ ಕಡೆ ಅನ್ನ ಕುದಿಯುವ ಹಾಗೆ ದೊಡ್ಡ ಗುಳ್ಳೆ ಎದ್ದರೆ ಅಲ್ಲಿ ಕೆಳಗೆ ರಬ್ಬರ್ ಪೊರೆ ಹರಿದಿದೆ.

ಕರೆಂಟ್ ಹೋದಾಗ ಜನರೇಟರ್ ಹಾಕಲು ಡೀಸೆಲ್ ಇಲ್ಲ ಅನ್ನುವುದು ಹಲವು ಕಡೆಯ ಮಾತು. ಎರಡು ಮೂರು ಗಂಟೆ ತಡೆದೀತು. ಅದಕ್ಕಿಂತ ಹೆಚ್ಚಾದರೆ ಟ್ಯಾಂಕ್ ಕಪ್ಪಾಗಲು ಶುರುವಾಗುತ್ತದೆ. ಹೋದ ಹೊತ್ತು, ಬಂದ ಹೊತ್ತು ಲಾಗ್ ಬುಕ್‌ನಲ್ಲಿ ಬರೆಯಿರಿ.

ನೊರೆಯ ಬಗ್ಗೆ ಎರಡೇ ಮಾತು. ಬಿಳಿ, ಹಗುರ ನೊರೆ ಅಂದರೆ ಸ್ಲಡ್ಜ್ ಇನ್ನೂ ಎಳೆಯದು ಅಥವಾ ಸೋಪು ಜಾಸ್ತಿ. ದಪ್ಪ, ಜಿಡ್ಡಿನ, ಕಂದು ನೊರೆ ಅಂದರೆ ಸ್ಲಡ್ಜ್ ಹಳೆಯದಾಗಿದೆ, ಹೋಟೆಲಿನ ಎಣ್ಣೆಯೂ ಸೇರಿದೆ. ಎರಡನೆಯದನ್ನು ನೀರು ಹೊಡೆದು ಕೆಳಗೆ ಒತ್ತಬೇಡಿ, ಮೇಲಿಂದ ಬಾಚಿ ತೆಗೆಯಿರಿ.

ಕ್ಲೋರಿನ್ ಎಷ್ಟು ಹಾಕಿದರೂ ನಿಲ್ಲುವುದಿಲ್ಲ

ಮೊದಲು ಬ್ಲೀಚಿಂಗ್ ಪೌಡರ್ ಎಷ್ಟು ಹಳೆಯದು ನೋಡಿ. ತೇವದ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಚೀಲದಲ್ಲಿ ಬಲವೇ ಉಳಿದಿರುವುದಿಲ್ಲ. ಅದು ಹೊಸದಾಗಿದ್ದರೆ ಅಮೋನಿಯಾ ಕಾರಣ. ಒಂದು ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್ ಹತ್ತಿರ ಹತ್ತಿರ 10 ಮಿಲಿಗ್ರಾಂ ಕ್ಲೋರಿನ್ ತಿನ್ನುತ್ತದೆ. ಅಂದರೆ ತೊಂದರೆ ಮತ್ತೆ ಏರೇಶನ್ ಟ್ಯಾಂಕಿನಲ್ಲಿ. ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಬಹಳ ನಿಧಾನ ಬೆಳೆಯುತ್ತವೆ, ಅವಕ್ಕೆ ಗಾಳಿಯೂ ಜಾಸ್ತಿ ಬೇಕು. ಕ್ಲೋರಿನ್ ಏರಿಸಿ ಮುಚ್ಚಿಹಾಕಲು ಹೋಗಬೇಡಿ. ನಮ್ಮ ಕಾಗದದಲ್ಲಿ ಅಂಕಿ ಸರಿ ಕಾಣುತ್ತದೆ, ಹಳ್ಳದ ಮೀನು ಮಾತ್ರ ಸಾಯುತ್ತದೆ.

ಸರಿಹೋಯಿತು ಅಂತ ಹೇಗೆ ಗೊತ್ತಾಗುತ್ತದೆ?

ಒಂದು ಬದಲಾವಣೆ ಮಾಡಿದ ಮೇಲೆ ಮೂರು ನಾಲ್ಕು ದಿನ ಇನ್ನೊಂದನ್ನು ಮುಟ್ಟಬೇಡಿ. ಟ್ಯಾಂಕಿನೊಳಗಿನ ಬ್ಯಾಕ್ಟೀರಿಯಾ ಪೂರ್ತಿ ಬದಲಾಗಲು ಎರಡು ಮೂರು ವಾರ ಬೇಕು. ನಾಲ್ಕು ವಾಲ್ವ್ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಹಳ್ಳಕ್ಕೆ ಇಳಿಯಿರಿ. ನಮ್ಮ ಪೈಪ್ ಸೇರುವ ಜಾಗದಿಂದ ಸ್ವಲ್ಪ ಮೇಲೆ ಒಂದು ಸ್ಯಾಂಪಲ್, ನೂರು ಮೀಟರ್ ಕೆಳಗೆ ಒಂದು ಸ್ಯಾಂಪಲ್ ತೆಗೆಯಿರಿ. ಮೇಲಿನದು ಮುಖ್ಯ. ಮಲೆನಾಡು, ಕೊಡಗಿನ ಕಡೆ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ) ಕಾಲದಲ್ಲಿ ಹುಳಿ ನೀರು ತೋಟಗಳಿಂದ ಹೊಳೆ ಸೇರಿದರೆ, ನೀರು ನಮ್ಮ ಹತ್ತಿರ ಬರುವ ಮೊದಲೇ ಕೆಟ್ಟಿರುತ್ತದೆ. ಅದನ್ನು ತಿಳಿಯದೆ ನಮ್ಮ ಪ್ಲಾಂಟಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೇವೆ.

ಕೆಳಗಿನ ಜಾಗದಲ್ಲಿ ಒಂದು ಕಲ್ಲು ಎತ್ತಿ ತಿರುಗಿಸಿ. ಬೂದು ಬಣ್ಣದ ಲೋಳೆ, ನೆನೆದ ಹತ್ತಿಯ ಹಾಗೆ ಅಂಟಿಕೊಂಡಿದ್ದರೆ ಇನ್ನೂ ಕೊಳೆ ಹೋಗುತ್ತಿದೆ. ಕೆಸರಿನಲ್ಲಿ ಬರೀ ಕೆಂಪು ಹುಳುಗಳೇ ಇದ್ದರೂ ಹಾಗೇ. ಕಲ್ಲಿನಡಿ ಚಪ್ಪಟೆ ಮೈಯ, ಬಾಲದಲ್ಲಿ ಎರಡು ಮೂರು ಎಳೆ ಇರುವ ಸಣ್ಣ ಹುಳು ಓಡಾಡಿದರೆ ಅದು ಮೇಫ್ಲೈ ಎಂಬ ಕೀಟದ ಮರಿ. ಆಮ್ಲಜನಕ ಇಲ್ಲದ ನೀರಿನಲ್ಲಿ ಅದು ಬದುಕುವುದಿಲ್ಲ. ನಮ್ಮ ಹಳ್ಳದಲ್ಲಿ ಅದು ಮೊದಲ ಸಲ ಕಂಡದ್ದು ಆ ಆಷಾಢ ಕಳೆದು, ಮಳೆ ನಿಂತ ಮೇಲೆ, ದೀಪಾವಳಿಯ ಹೊತ್ತಿಗೆ. ತಾರೀಖು, ಕಲ್ಲಿದ್ದ ಜಾಗ, ಎಷ್ಟು ಹುಳು ಅಂತ ಲಾಗ್ ಬುಕ್‌ನ ಕೊನೆಯ ಅಂಕಣದಲ್ಲಿ ಬರೆದೆ. ಈಗ ಪ್ರತಿ ತಿಂಗಳ ಮೊದಲ ಸೋಮವಾರ ಶಿಫ್ಟಿನವರು ಅದೇ ಜಾಗದಲ್ಲಿ ಕಲ್ಲು ತಿರುಗಿಸಿ ನೋಡಿ ಬರೆಯುತ್ತಾರೆ.